ಗೋಬರ್ ಗ್ಯಾಸ್ ಸೋರುತ್ತಿದೆಯಾ? ಹುಡುಕೋದು ಹೀಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕೊಟ್ಟಿಗೆ ಇರುವ ಮನೆಯಲ್ಲಿ ಗೋಬರ್ ಗ್ಯಾಸ್ ಗುಂಡಿ ಹೊಸದೇನಲ್ಲ. ಒಲೆ ಉರಿದರೆ ಸಾಕು, ಗುಂಡಿ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಎಣ್ಣೆ ಬಾವಿಯಿಂದ ಬರುವ ಗ್ಯಾಸಿನಲ್ಲೂ ಮುಖ್ಯವಾಗಿ ಅದೇ ಇರುವುದು. ಉರಿಸದೆ ಗಾಳಿಗೆ ಬಿಟ್ಟರೆ, 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿನ ಸುಮಾರು 80 ಪಟ್ಟು ಬಿಸಿ ಹಿಡಿದಿಡುತ್ತದೆ. ತೀರಾ ಸೋರುವ ಗುಂಡಿಗಿಂತ ಬರೀ ಗೊಬ್ಬರದ ರಾಶಿಯೇ ವಾಸಿ ಅಂತ ನಾನು ಹೇಳುವುದು ಅದಕ್ಕೇ.

ಎಣ್ಣೆ ಕಂಪನಿಗಳಿಗೆ ಹಾಕುವ ನಿಯಮಗಳ ತಿರುಳು ಇಷ್ಟೇ: ಗ್ಯಾಸ್ ಹಿಡಿಯಿರಿ, ಆಗದಿದ್ದರೆ ಸುಡಿ, ಸೋರುವ ಜಾಗ ಆಗಾಗ ಹುಡುಕಿ. ಅಮೆರಿಕದಲ್ಲಿ 2012ರಲ್ಲಿ ಬಂಡೆ ಸೀಳಿ ತೆಗೆಯುವ ಹೊಸ ಗ್ಯಾಸ್ ಬಾವಿಗಳಿಗೆ ಇಂಥ ನಿಯಮ ಬಂತು, 2016ರಲ್ಲಿ ಸೋರಿಕೆ ಹುಡುಕುವುದೂ ಸೇರಿತು. ಅವರಲ್ಲಿ ಕಣ್ಣಿಗೆ ಕಾಣದ ಗ್ಯಾಸನ್ನು ತೋರಿಸುವ ಕ್ಯಾಮೆರಾ ಇದೆ. ನಮಗೆ ಸೋಪಿನ ನೀರು ಸಾಕು.

ಮೊದಲು ಪೈಪು. ಒಲೆಯ ಹತ್ತಿರ ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ, ಅರ್ಧ ನೀರು ತುಂಬಿಸಿ, ಒಂದು ತುದಿ ಗ್ಯಾಸ್ ಪೈಪಿಗೆ ಜೋಡಿಸಿ, ಇನ್ನೊಂದನ್ನು ತೆರೆದಿಡಿ. ಗುಂಡಿಯ ವಾಲ್ವ್ ತೆರೆದರೆ ಎರಡು ಕಡೆಯ ನೀರಿನ ಮಟ್ಟದಲ್ಲಿ ವ್ಯತ್ಯಾಸ ಕಾಣುತ್ತದೆ. ಈಗ ಒಲೆ ಆಫ್ ಇರಲಿ, ಗುಂಡಿಯ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಅರ್ಧ ಗಂಟೆ ಬಿಡಿ. ವ್ಯತ್ಯಾಸ ಚೆನ್ನಾಗಿ ಕಡಿಮೆಯಾದರೆ ಪೈಪಿನಲ್ಲೇ ಎಲ್ಲೋ ಸೋರುತ್ತಿದೆ. ಬಿಸಿಲು ಬಂದು ಹೋದರೂ ಮಟ್ಟ ಸ್ವಲ್ಪ ಅಲುಗುತ್ತದೆ, ಹಾಗಾಗಿ ಸಂಜೆ ಮಾಡಿ.

ಆಮೇಲೆ ವಾಲ್ವ್ ತೆರೆದು ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತಾ ಹೋಗಿ: ವಾಲ್ವಿನ ಕುತ್ತಿಗೆ, ಎಲ್ಬೋ, ಒಲೆಯ ರಬ್ಬರ್ ಟ್ಯೂಬು. ಗುಳ್ಳೆ ಎದ್ದ ಜಾಗವೇ ತೂತು. ಗುಂಡಿಯ ನೆತ್ತಿ ಮೇಲೆ ಮಳೆ ನೀರು ನಿಂತಾಗ ಒಂದೇ ಕಡೆ ಗುಳ್ಳೆ ಬರುತ್ತಿದ್ದರೆ ಅಲ್ಲಿ ಬಿರುಕಿದೆ ಅನ್ನಿ. ಅದು ಮೇಸ್ತ್ರಿ ಕೆಲಸ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡಬೇಡಿ, ಹಳಬರು ಮಾಡುತ್ತಿದ್ದರು ಅಂದರೂ ಬೇಡ. ಗುಂಡಿಯೊಳಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ಖಾಲಿ ಕಂಡರೂ ವಿಷಗಾಳಿ ಇರುತ್ತದೆ, ಎರಡು ಉಸಿರಿಗೆ ಪ್ರಜ್ಞೆ ತಪ್ಪಬಹುದು.

ಇನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಸೋರಿಕೆ ಒಂದಿದೆ. ದೀನಬಂಧು ಗುಂಡಿಯಲ್ಲಿ, ಅಂದರೆ ಅಲುಗದ ಗುಮ್ಮಟದ ಗುಂಡಿಯಲ್ಲಿ, ಗ್ಯಾಸ್ ಖರ್ಚಾಗದಿದ್ದರೆ ಅದು ಒಳಗಿನ ಸಗಣಿ ನೀರನ್ನು, ಅಂದರೆ ಬಗ್ಗಡವನ್ನು, ತಳ್ಳುತ್ತಾ ಹೋಗಿ, ಕೊನೆಗೆ ಬಗ್ಗಡ ಹೊರಬರುವ ಬಾಯಿಯಿಂದಲೇ ಗುಳುಗುಳು ಹೊರಬೀಳುತ್ತದೆ. ಬೇಸಿಗೆಯಲ್ಲಿ ಗ್ಯಾಸ್ ಜಾಸ್ತಿ ಹುಟ್ಟುತ್ತದೆ, ಮನೆಯವರೆಲ್ಲ ಮದುವೆ, ಉಪನಯನ ಅಂತ ಊರೂರು ಸುತ್ತುವುದೂ ಆಗಲೇ ಅಲ್ವಾ? ಹೊರಡುವ ಕೆಲವು ದಿನ ಮುಂಚೆಯೇ ಸಗಣಿ ಹಾಕುವುದು ಕಡಿಮೆ ಮಾಡಿ. ಮನೆಯಲ್ಲಿದ್ದರೆ ಇನ್ನೊಂದು ಒಲೆ ಜೋಡಿಸಿ ಸ್ನಾನದ ನೀರು ಕಾಯಿಸಿ, ಸೌದೆಯೂ ಉಳಿಯುತ್ತದೆ.

ಮಳೆಗಾಲದಲ್ಲಿ ಉರಿ ಕುಂಟಿದರೆ ಸೋರಿಕೆ ಅಂತ ಗಾಬರಿ ಬೇಡ. ಚಳಿಗೆ ಗ್ಯಾಸ್ ಕಡಿಮೆ ಹುಟ್ಟುತ್ತದೆ, ಪೈಪಿನ ತಗ್ಗಿನಲ್ಲಿ ನೀರು ಕಟ್ಟಿಕೊಂಡಿರುತ್ತದೆ. ಮೊದಲು ಆ ನೀರು ತೆಗೆಯಿರಿ. ಕೊಟ್ಟಿಗೆಗೆ ಹಾಸಿದ ಸೊಪ್ಪು ಸೇರಿದ ಸಗಣಿಯನ್ನು ಗುಂಡಿಗೆ ಹಾಕಬೇಡಿ, ಅದು ತೇಲಿ ಕೆನೆ ಕಟ್ಟುತ್ತದೆ. ಹೊರಬಂದ ಬಗ್ಗಡದಿಂದಲೂ ಸ್ವಲ್ಪ ಮೀಥೇನ್ ಬರುತ್ತಲೇ ಇರುತ್ತದೆ. ಅದನ್ನು ಹೊಂಡದಲ್ಲಿ ಹಾಗೇ ನಿಲ್ಲಿಸದೆ ತರಗೆಲೆ ಜೊತೆ ಕಲಸಿ, ಗಾಳಿಯಾಡುವಂತೆ ಗೊಬ್ಬರ ಮಾಡಿ.