ಕೆರೆ ಕೆಲಸದಲ್ಲಿ ಊರಿನ ಪಾಲು: ಲೆಕ್ಕ ಹಾಕುವುದು ಹೇಗೆ?

ಧಾರವಾಡ, ಗದಗ, ಹಾವೇರಿ ಕಡೆ ಕೆರೆ ಕೆಲಸ ಅರ್ಧಕ್ಕೆ ನಿಂತರೆ ಕೇಳಿಬರುವ ಮಾತು ಒಂದೇ: ‘ಸರ್ಕಾರದ ರೊಕ್ಕ ಬರಲಿಲ್ಲ’. ಬಾರದೇ ಇರುವುದೂ ಉಂಟು. ಆದರೆ ನಾನು ನೋಡಿದ ಎಷ್ಟೋ ಕಡೆ ಬಾರದೇ ಹೋದದ್ದು ಊರಿನ ಪಾಲು, ಅಂದರೆ ಹೂಳೆತ್ತುವ ಕೆಲಸಕ್ಕೆ ಊರಿನವರು ಕೊಡುತ್ತೇವೆ ಅಂದ ಟ್ರ್ಯಾಕ್ಟರ್, ರೊಕ್ಕ. ಗ್ರಾಮ ಸಭೆಯಲ್ಲಿ ಚಪ್ಪಾಳೆ ಹೊಡೆದು ಒಪ್ಪಿಕೊಂಡಿರುತ್ತಾರೆ. ಯಾರು, ಎಷ್ಟು, ಯಾವಾಗ ಅಂತ ಎಲ್ಲೂ ಬರೆದಿರುವುದಿಲ್ಲ. ಜೆಸಿಬಿ ಬಂದು ನಿಂತ ಮೇಲೆ ಟ್ರ್ಯಾಕ್ಟರ್ ಹುಡುಕಲು ಹೊರಡುತ್ತಾರೆ.

ಮೊದಲು: ಕೆರೆ ಯಾರದು?

ಅಚ್ಚುಕಟ್ಟು (ಕೆರೆ ನೀರು ಹರಿಯುವ ಹೊಲ) 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆ ಒಳಗಿದ್ದರೆ ಕೆರೆ ಪಂಚಾಯಿತಿ ವ್ಯವಸ್ಥೆಗೆ ಸೇರುತ್ತದೆ. 40ರಿಂದ 2,000 ಹೆಕ್ಟೇರ್ ಆದರೆ ಸಣ್ಣ ನೀರಾವರಿ ಇಲಾಖೆಗೆ. ಡಂಬಳ, ಮದಗ-ಮಾಸೂರಿನಂಥ ದೊಡ್ಡ ಕೆರೆಗಳಿಗೆ ಗ್ರಾಮ ಪಂಚಾಯಿತಿ ಠರಾವು ಒಂದೇ ಸಾಲದು. ಉತಾರ (ಪಹಣಿ) ತೆಗೆಸಿ, ಸರ್ವೆ ಮಾಡಿಸಿ. ಒತ್ತುವರಿ ಇದ್ದರೆ ಅದು ಈಗಲೇ ಹೊರಗೆ ಬರಲಿ.

ಎರಡನೆಯದು: ರೊಕ್ಕ ಎಲ್ಲೆಲ್ಲಿಂದ?

ಶಾಸಕರ ನಿಧಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಕೇಳುವ ಊರುಗಳು ನೂರಾರು, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ (ಆರ್‌ಐಡಿಎಫ್) ನೀರಾವರಿ ಕೆಲಸಕ್ಕೆ ವೆಚ್ಚದ ಶೇ 95ರವರೆಗೆ ಸಿಗುತ್ತದೆ. ಆದರೆ ಅದು ರಾಜ್ಯ ಸರ್ಕಾರ ತೆಗೆದುಕೊಳ್ಳುವ ಸಾಲ. ಪಂಚಾಯಿತಿ ನೇರವಾಗಿ ಅರ್ಜಿ ಹಾಕುವಂಥದ್ದಲ್ಲ.

ಉದ್ಯೋಗ ಖಾತರಿ ವಿಷಯದಲ್ಲಿ ಹಳೇ ಲೆಕ್ಕ ಹಿಡಿದುಕೊಂಡು ಹೋಗಬೇಡಿ. 2005ರ ನರೇಗಾ ಕಾಯ್ದೆಯಲ್ಲಿ ಕೂಲಿ ಪೂರ್ತಿ ಕೇಂದ್ರದ್ದು, ಸಾಮಗ್ರಿಯಲ್ಲಿ ಕಾಲು ಭಾಗ ಮಾತ್ರ ರಾಜ್ಯದ್ದು. 2025ರ ಡಿಸೆಂಬರ್‌ನಲ್ಲಿ ಬಂದ ಹೊಸ ಕಾಯ್ದೆಯಲ್ಲಿ ಕೇಂದ್ರ-ರಾಜ್ಯದ ಪಾಲು 60:40. ರಾಜ್ಯದ ಹೊರೆ ಜಾಸ್ತಿಯಾದಾಗ ಕೈ ಬಿಗಿಯಾಗುವುದು ಸಹಜ ಅಲ್ವಾ? ಇನ್ನು ಕೂಲಿಕಾರರ ಜಾಬ್ ಕಾರ್ಡ್ ತೋರಿಸಿ ಜೆಸಿಬಿ ಓಡಿಸುವ ಅಡ್ಡದಾರಿಯನ್ನು ಹೇಳಿಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ಸಾಮಾಜಿಕ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬಿದ್ದು ವಸೂಲಿ ನೋಟಿಸ್ ಬಂದಾಗ ಅವರು ಫೋನ್ ಎತ್ತುವುದಿಲ್ಲ.

ಮೂರನೆಯದು: ಊರಿನ ಪಾಲು ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ.

‘ಊರಿನ ಪಾಲು ಶೇ 10’ ಅಂತ ಯಾವತ್ತೂ ಬರೆಯಬೇಡಿ. ಎಸ್ಟಿಮೇಟ್ ಒಮ್ಮೆ ಪರಿಷ್ಕರಣೆ ಆದರೆ ಆ ಹತ್ತೂ ಹಿಗ್ಗುತ್ತದೆ, ಜಗಳ ಶುರುವಾಗುತ್ತದೆ. ಶೇಕಡಾವಾರು ಬಿಡಿ, ಕೆಲಸದ ಹೆಸರು ಬರೆಯಿರಿ. ತೂಬಿನ (ಹೊಲಕ್ಕೆ ನೀರು ಬಿಡುವ ಬಾಗಿಲು) ರಿಪೇರಿ, ಕೋಡಿಯ (ಹೆಚ್ಚಾದ ನೀರು ಹೊರಹೋಗುವ ದಾರಿ) ಕಲ್ಲು ಕಟ್ಟಡ, ಏರಿ (ಕೆರೆಯ ಒಡ್ಡು) ಗಟ್ಟಿ ಮಾಡುವುದು ಸರ್ಕಾರದ್ದು. ಹೂಳು ಅಗೆದು ಟ್ರೇಲರ್‌ಗೆ ತುಂಬುವ ಯಂತ್ರ ಇಂಥ ನಿಧಿಯದ್ದು. ಹೂಳು ಸಾಗಿಸುವುದು ಊರಿನದ್ದು. ಒಂದೇ ಐಟಂ ಎರಡು ನಿಧಿಯಲ್ಲಿ ಬರಕೂಡದು. ಹಂಗೆ ಬಂದರೆ ಆಡಿಟ್‌ನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಉತ್ತರ ಕೊಡಬೇಕಾಗುತ್ತದೆ.

ಈಗ ಆ ಸಾಗಣೆಯ ಮಾತು. ‘ಹೂಳು ನಾವ ಹೊರತೇವ್ರೀ, ಅದೇನ್ ದೊಡ್ಡ ಮಾತ್ರೀ’ ಅಂತ ಹಿರಿಯರು ಸಭೆಯಲ್ಲಿ ಎದ್ದು ಹೇಳಿಬಿಡುತ್ತಾರೆ. ದೊಡ್ಡ ಮಾತೇ. ಪೆನ್ನು ಹಿಡಿಯಿರಿ.

ಒಂದು ಎಕರೆಯಲ್ಲಿ ಒಂದು ಅಡಿ ಮಣ್ಣು ಅಂದರೆ 43,560 ಘನ ಅಡಿ. ನಾಲ್ಕು ಎಕರೆ ಕೆರೆ ಅಂಗಳದಲ್ಲಿ ಮೂರು ಅಡಿ ತೆಗೆದರೆ 5,22,720 ಘನ ಅಡಿ. ಅಗೆದ ಮಣ್ಣು ಉಬ್ಬುತ್ತದೆ, ಕಾಲು ಭಾಗ ಸೇರಿಸಿ. 6,53,400 ಆಯಿತು. ಟ್ರೇಲರ್‌ಗೆ ಒಂದು ಬ್ರಾಸ್, ಅಂದರೆ 100 ಘನ ಅಡಿ ಹಿಡಿದರೆ 6,534 ಟ್ರಿಪ್. ಟ್ರಿಪ್‌ಗೆ 400 ರೂಪಾಯಿ ಅಂದುಕೊಳ್ಳಿ (ನಿಮ್ಮೂರ ದರ ಹಾಕಿಕೊಳ್ಳಿ), 26 ಲಕ್ಷ ದಾಟಿತು. ‘ದೊಡ್ಡ ಮಾತಲ್ಲ’ ಅಂದದ್ದು ಇದನ್ನೇ.

ಟ್ರಿಪ್ ಗೊತ್ತಾದ ಮೇಲೆ ದಿನ ಲೆಕ್ಕ ಹಾಕಿ. ದಿನಕ್ಕೆ ಹತ್ತು ಟ್ರಿಪ್‌ನಂತೆ 30 ಟ್ರ್ಯಾಕ್ಟರ್ ಓಡಿದರೂ 22 ದಿನ ಬೇಕು. ಏಪ್ರಿಲ್-ಮೇ ಮದುವೆ ಕಾಲ, ಅರ್ಧ ಟ್ರ್ಯಾಕ್ಟರ್ ದಿಬ್ಬಣಕ್ಕೆ ಹೋಗಿರುತ್ತವೆ. ರೋಹಿಣಿ ಮಳೆ ಬಿದ್ದರೆ ಎಲ್ಲವೂ ಹೊಲಕ್ಕೆ. ಹೆಸರು ಬಿತ್ತುವ ಹೊತ್ತಿನಲ್ಲಿ ಕೆರೆಗೆ ಬಾ ಅಂದರೆ ಯಾರು ಬರುತ್ತಾರೆ? ಹಾಗಾಗಿ ಕೆಲಸ ಮಾರ್ಚ್ ಕೊನೆಗೇ ಹಿಡಿಯಿರಿ ಅನ್ನುವುದು ನನ್ನ ಖಡಕ್ ಸಲಹೆ. ಕೆರೆಯಲ್ಲಿ ಸ್ವಲ್ಪ ನೀರಿದ್ದರೆ ಒಣಗಿದ ಬದಿಯಿಂದ ಶುರು ಮಾಡಿ.

ಇನ್ನೊಂದು ಮಾತು ಎಸ್ಟಿಮೇಟ್‌ನಲ್ಲಿ ಬರುವುದಿಲ್ಲ. ಹೂಳನ್ನು ಯಾರು ಒಯ್ಯುತ್ತಾರೆ ಅನ್ನುವುದು ಮಣ್ಣಿನ ಮೇಲೆ ನಿಂತಿದೆ. ಶಿರಹಟ್ಟಿ ಕಡೆಯ ಮಸಾರಿ (ಕೆಂಪು ಮಣ್ಣು) ಹೊಲದವರು ಕಪ್ಪು ಹೂಳಿಗೆ ಮುಗಿಬೀಳುತ್ತಾರೆ, ತಮ್ಮ ಡೀಸೆಲ್ ಹಾಕಿಕೊಂಡೇ ಒಯ್ಯುತ್ತಾರೆ. ನವಲಗುಂದ, ನರಗುಂದ, ರೋಣದ ಎರೆ (ಕಪ್ಪು ಮಣ್ಣು) ಹೊಲದವರಿಗೆ ಎರೆ ಮೇಲೆ ಎರೆ ಯಾಕೆ ಬೇಕು? ಅಲ್ಲಿ ‘ರೈತರೇ ಸಾಗಿಸುತ್ತಾರೆ’ ಅಂತ ಬರೆದುಕೊಟ್ಟರೆ ಅದು ಬರೀ ಕಾಗದ. ಹೂಳು ಹಾಕಲು ಜಾಗ, ಸಾಗಣೆ ಬಾಡಿಗೆ ಎರಡನ್ನೂ ಮೊದಲೇ ರೊಕ್ಕದ ಲೆಕ್ಕಕ್ಕೆ ತನ್ನಿ.

ಕೊನೆಗೆ ಒಂದು ಪಟ್ಟಿ ಮಾಡಿ. ಟ್ರ್ಯಾಕ್ಟರ್ ಮಾಲೀಕರ ಹೆಸರು, ಯಾವ ವಾರ, ಎಷ್ಟು ಟ್ರಿಪ್, ಹೂಳು ಯಾವ ಸರ್ವೆ ನಂಬರ್‌ಗೆ, ಪಕ್ಕದಲ್ಲಿ ಸಹಿ. ಟ್ರ್ಯಾಕ್ಟರ್ ಬಾರದೆ ಯಂತ್ರ ಸುಮ್ನೆ ನಿಂತರೆ ಆ ತಾಸಿನ ಬಾಡಿಗೆ ಯಾರು ಕೊಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಈ ಒಂದು ಸಾಲು ಬರೆಯದ ಊರುಗಳಲ್ಲಿ ಜಗಳ ಠಾಣೆವರೆಗೂ ಹೋಗಿದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಠರಾವು ಮಾತ್ರ ಬೇಡ. ಬೇರೆ ಊರಿನ ಹೆಸರು ಅಳಿಸದೇ ಹಾಗೇ ಉಳಿದ ಠರಾವುಗಳನ್ನು ಕಣ್ಣಾರೆ ನೋಡಿದ್ದೇನೆ.

ನಾಲ್ಕನೆಯದು: ಲೆವೆಲ್

ಒಂದು ಬುಟ್ಟಿ ಮಣ್ಣು ಎತ್ತುವ ಮುನ್ನ ಇಂಜಿನಿಯರ್ ಲೆವೆಲ್ (ಕೆರೆ ಅಂಗಳದ ಎತ್ತರ-ತಗ್ಗಿನ ಅಳತೆ) ತೆಗೆಯಬೇಕು, ಊರಿನ ಇಬ್ಬರು ಪಕ್ಕದಲ್ಲಿ ನಿಂತಿರಬೇಕು, ಅಂಕಿಯ ಪ್ರತಿ ಅವತ್ತೇ ಇಸಿದುಕೊಳ್ಳಬೇಕು. ಮಳೆ ಬಂದು ನೀರು ನಿಂತ ಮೇಲೆ ಎಷ್ಟು ಆಳ ತೆಗೆದರು ಅಂತ ಯಾವ ದೇವರೂ ಹೇಳಲಾರ. ಆಳ ಅಳೆಯುವ ಗುರುತಿಗೆ ಅಲ್ಲಲ್ಲಿ ಅಗೆಯದ ಮಣ್ಣಿನ ಸಣ್ಣ ದಿಬ್ಬ ಬಿಡಿಸಿ, ಬಿಲ್ ಆಗುವವರೆಗೂ ತೆಗೆಯಲು ಬಿಡಬೇಡಿ. ಏರಿಯ ಬುಡಕ್ಕೆ ಹತ್ತಿರ ಅಗೆಯುವುದು ಬೇಡ. ಎರೆ ಪದರ ಮುಗಿದು ಗರಸು (ಸಣ್ಣ ಕಲ್ಲಿನ ಸಡಿಲ ಮಣ್ಣು) ಕಂಡರೆ ನಿಲ್ಲಿಸಿ, ಅದಕ್ಕಿಂತ ಆಳಕ್ಕೆ ಹೋದರೆ ನೀರು ಇಂಗಿ ಹೋಗುತ್ತದೆ. ಆಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸೋಣ ಅಂತ ಮಾರಲು ಬರುವವರಿದ್ದಾರೆ. ದನ ಇಳಿಯುವ ಕೆರೆಯಲ್ಲಿ ಅದು ಒಂದು ಬೇಸಿಗೆ ದಾಟುವುದಿಲ್ಲ. ರೊಕ್ಕ ದಂಡ.

ಐದನೆಯದು: ನಗದು

ವಂತಿಗೆ ಎತ್ತಿದರೆ ಇಬ್ಬರ ಸಹಿಯ ಬ್ಯಾಂಕ್ ಖಾತೆ, ಪ್ರತಿಯೊಬ್ಬರಿಗೂ ರಸೀದಿ. ಹೊಲದ ಎಕರೆ ಮೇಲೆ ವಂತಿಗೆ ಹಾಕಿ, ಮನೆ ಲೆಕ್ಕದಲ್ಲಿ ಬೇಡ. ಅಚ್ಚುಕಟ್ಟಿನಲ್ಲಿ ಹತ್ತು ಎಕರೆ ಇದ್ದವನೂ ಕೂಲಿ ಮಾಡುವವನೂ ಒಂದೇ ಮೊತ್ತ ಕೊಡುವುದು ಯಾವ ನ್ಯಾಯ?

ಹತ್ತು ಲಕ್ಷ ಮಂಜೂರಾದರೆ ಅಷ್ಟೂ ಕೆರೆಗೇ ಬೀಳುತ್ತದೆ ಅಂತ ಜನರಿಗೆ ಹೇಳಬೇಡಿ. ಅದರಲ್ಲಿ ಜಿಎಸ್‌ಟಿ ಇರುತ್ತದೆ, ಬಿಲ್ಲಿನಿಂದ ಶೇ 1 ಕಾರ್ಮಿಕ ಸೆಸ್, ಆದಾಯ ತೆರಿಗೆ ಮುರಿಯುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ಉಳಿದ ರೊಕ್ಕ ಯಾರು ತಿಂದರು ಅಂತ ಕಟ್ಟೆ ಮೇಲೆ ಕೂತು ಕೇಳುತ್ತಾರೆ.

ಆರನೆಯದು: ಕೆಲಸ ಮುಗಿದ ಮೇಲಿನ ಖರ್ಚು

ತೂಬಿಗೆ ಗ್ರೀಸ್, ಕೋಡಿಯಲ್ಲಿ ಬೆಳೆಯುವ ಜಾಲಿ ಕಡಿಸುವುದು, ಏರಿಯ ಹೆಗ್ಗಣದ ಬಿಲ ಮುಚ್ಚಿಸುವುದು ವರ್ಷ ವರ್ಷದ ಖರ್ಚು. ಇದಕ್ಕೆ ಯಾವ ನಿಧಿಯೂ ತಾನಾಗಿ ಬರುವುದಿಲ್ಲ. ಮೀನು ಹರಾಜಿನ ರೊಕ್ಕ ಪಂಚಾಯಿತಿಗೆ ಬರುವಂತಿದ್ದರೆ ಅದರಲ್ಲಿ ಇಷ್ಟು ಭಾಗ ಕೆರೆಗೇ ಅಂತ ಅದೇ ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ. ಮುಂದಿನ ಸಭೆಗೆ ಬಿಟ್ಟರೆ ಆ ರೊಕ್ಕ ಬೀದಿ ದೀಪಕ್ಕೆ ಹೋಗುತ್ತದೆ.