ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ

ವಯಸ್ಸಾದವರಿಗೆ ಊಟದ ವಿಚಾರದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ, ಹಾರ್ಟು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಇವುಗಳಲ್ಲಿ ಎರಡಾದರೂ ಇರುತ್ತವೆ. ಆದರೆ ಸಾಮಾನು ತರುವವರು ಒಬ್ಬರು, ಒಲೆ ಮುಂದೆ ನಿಲ್ಲುವವರು ಇನ್ನೊಬ್ಬರು. ಅದಕ್ಕೇ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿಬಿಡುತ್ತೇನೆ, ಅಡುಗೆ ಮಾಡುವವರೂ ಬರಲಿ ಅಂತ. ಗಾಡಿ ಓಡಿಸಿಕೊಂಡು ಬಂದವರು ಮಾತ್ರ ಕೂತರೆ ಸಾಲದು.

ಕೂತ ತಕ್ಷಣ ದೂರು ಶುರುವಾಗುತ್ತದೆ. "ಎಷ್ಟು ಹೇಳಿದ್ರೂ ಕೇಳಲ್ಲ, ಕದ್ದು ಸಿಹಿ ತಿಂತಾರೆ." ಹಿರಿಯರು ತಲೆ ತಗ್ಗಿಸುತ್ತಾರೆ. ಆ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮೊದಲ ಪ್ರಶ್ನೆಯನ್ನು ಹಿರಿಯರಿಗೇ ಕೇಳುತ್ತೇನೆ: ಯಾವುದನ್ನು ಬಿಡೋದು ನಿಮಗೆ ತುಂಬಾ ಕಷ್ಟ? ಆದಷ್ಟೂ ಅದನ್ನು ಉಳಿಸಿಕೊಂಡೇ ಮಿಕ್ಕಿದ್ದನ್ನು ಹೊಂದಿಸುತ್ತೇನೆ. ಮನೆಯವರು ಕಾವಲು ಕಾಯತೊಡಗಿದರೆ ಕದ್ದು ತಿನ್ನೋದು ಇನ್ನೂ ಜಾಸ್ತಿಯಾಗುತ್ತದೆ, ಅಷ್ಟೇ.

ನಾನು ಹೆಚ್ಚು ಹೊತ್ತು ಕೊಡುವುದು ಉಪ್ಪಿಗೆ. ಮೇಜಿನ ಮೇಲೆ ಒಂದು ಡಬ್ಬಿ ಉಪ್ಪು, ಖಾಲಿ ತಟ್ಟೆ, ಟೀ ಚಮಚ ಇಟ್ಟಿರುತ್ತೇನೆ. ಇಡೀ ದಿನದ ಅಡುಗೆಗೆ ಎಷ್ಟು ಹಾಕುತ್ತೀರೋ ಅಷ್ಟನ್ನು ತಟ್ಟೆಗೆ ಹಾಕಿ ಅನ್ನುತ್ತೇನೆ. ಕೈ ಅಳತೆಯಲ್ಲೇ ಹಾಕುತ್ತಾರೆ. ಅದನ್ನು ಚಮಚದಲ್ಲಿ ಅಳೆದು, ಉಣ್ಣುವವರ ತಲೆಗೆ ಎಷ್ಟು ಬಂತು ಅಂತ ಒಟ್ಟಿಗೆ ಲೆಕ್ಕ ಹಾಕುತ್ತೇವೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದೊಳಗೆ, ಪ್ಯಾಕೆಟ್ ತಿಂಡಿಯ ಉಪ್ಪೂ ಸೇರಿ! ಲೆಕ್ಕ ಮುಗಿಯುವಷ್ಟರಲ್ಲಿ ದೂರು ಹೇಳಿದವರೂ ತಮ್ಮ ತಟ್ಟೆಯ ಬಗ್ಗೆ ಕೇಳತೊಡಗುತ್ತಾರೆ. ಹಿರಿಯರಿಗೊಬ್ಬರಿಗೆ ಬೇರೆ ಸಪ್ಪೆ ಅಡುಗೆ ಮಾಡೋದು ನನಗಂತೂ ಇಷ್ಟವಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರಿಕೆ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸರಿಯಿಲ್ಲದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಪ್ರೀತಿಯಿಂದ ತಂದುಕೊಡುವ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಡಾಕ್ಟರನ್ನು ಕೇಳದೆ ತರಬೇಡಿ ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ.

ಇನ್ನು ಕೆಲವು ಮನೆಗಳಲ್ಲಿ ತಾಪತ್ರಯ ಉಲ್ಟಾ. ಅದು ಬೇಡ, ಇದು ಬೇಡ ಅಂತ ಬಿಡಿಸಿ ಬಿಡಿಸಿ ಹಿರಿಯರ ಬಟ್ಟೆ ದೊಗಳೆಯಾಗಿರುತ್ತದೆ. 60 ಕಿಲೋ ಇದ್ದವರು ಆರು ತಿಂಗಳಲ್ಲಿ ತಾವಾಗಿ ಪ್ರಯತ್ನಿಸದೆ 3 ಕಿಲೋ ಇಳಿದರೆ ಅದು ಖುಷಿಪಡುವ ವಿಷಯವಲ್ಲ, ಡಾಕ್ಟರಿಗೆ ಹೇಳಬೇಕಾದದ್ದು. ಹಲ್ಲಿನ ಸೆಟ್ಟು ಸಡಿಲವಾಗಿದೆಯಾ, ಒಬ್ಬರೇ ಕೂತು ಉಣ್ಣುತ್ತಾರಾ ಅಂತ ಮನೆಯವರನ್ನು ಕೇಳುತ್ತೇನೆ. ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಎಲ್ಲರಿಗೂ ಒಂದು ವಿಷಯ ಬಾಯಿಪಾಠ ಆಗಬೇಕು. ರಕ್ತದ ಸಕ್ಕರೆ 70 mg/dLಗಿಂತ ಕೆಳಗಿಳಿದರೆ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ, 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್ ಕರೆಯಿರಿ.

ಎಲ್ಲ ಮುಗಿದ ಮೇಲೆ "ಅರ್ಥ ಆಯ್ತಾ?" ಅಂತ ಕೇಳುವುದಿಲ್ಲ, ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. ನಾಳೆ ಬೆಳಗ್ಗೆ ಏನು ಮಾಡುತ್ತೀರಿ, ಎಷ್ಟು ಬಡಿಸುತ್ತೀರಿ ಅಂತ ಅಡುಗೆಯವರನ್ನು ಕೇಳುತ್ತೇನೆ. ಅದು ಒಪ್ಪಿಗೆಯಾ ಅಂತ ಹಿರಿಯರನ್ನು ಕೇಳುತ್ತೇನೆ. ಅವರು ಬೇಡ ಅಂದರೆ ಚೀಟಿ ಹರಿದು ಹೊಸದು ಬರೆಯುತ್ತೇವೆ.