ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು

ಬದಿಯಡ್ಕದ ನಮ್ಮ ಮನೆಯಲ್ಲಿ ಜುಲೈ ಮಳೆಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಕೂತಿದ್ದೆ. ಪ್ರೊಸೆಸರ್ ರೈಜೆನ್ 5 5600ಎಕ್ಸ್ ಹೊಸತು, ಅದನ್ನು ಕೂರಿಸುವ ಬಿ450 ಮದರ್‌ಬೋರ್ಡ್ ಮಂಗಳೂರಿನಿಂದ ತಂದ ಸೆಕೆಂಡ್‌ಹ್ಯಾಂಡ್. ಸ್ವಿಚ್ ಒತ್ತಿದರೆ ಫ್ಯಾನ್ ಎಲ್ಲ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ರ‍್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ. ಊಹೂಂ.

"ಪ್ರೊಸೆಸರ್, ಬೋರ್ಡ್ ಎರಡೂ ಒಂದೇ ಎಎಂ4 ಸಾಕೆಟ್‌ನವು ಅಲ್ವಾ ಭಾವ, ಮತ್ತೇನು?" ಎಂದು ಫೋನ್ ಮಾಡಿದೆ.

"ಬಯಾಸ್ ಎಷ್ಟು ಹಳೆಯದು ನೋಡು."

ಅಲ್ಲೇ ಇತ್ತು ವಿಷಯ. ಬಯಾಸ್ ಎಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಬಿ450 ಬಂದದ್ದು 2018ರಲ್ಲಿ, 5600ಎಕ್ಸ್ 2020ರ ನವೆಂಬರಿನಲ್ಲಿ. ಹಳೆ ಬಯಾಸ್‌ಗೆ ಈ ಪ್ರೊಸೆಸರ್‌ನ ಗುರುತೇ ಇಲ್ಲ!

ಪುಣ್ಯಕ್ಕೆ ಬೋರ್ಡಿನ ಹಿಂಬದಿ, ಪ್ರೊಸೆಸರ್‌ನ ನೆರವಿಲ್ಲದೆ ಪೆನ್‌ಡ್ರೈವಿನಿಂದಲೇ ಬಯಾಸ್ ಅಪ್‌ಡೇಟ್ ಮಾಡುವ ಫ್ಲ್ಯಾಶ್‌ಬ್ಯಾಕ್ ಬಟನ್ ಇತ್ತು. (ಎಲ್ಲ ಬಿ450ಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಹಳೆ ರೈಜೆನ್ ಒಂದನ್ನು ಸಾಲ ತಂದು ಅಪ್‌ಡೇಟ್ ಮಾಡಬೇಕು.) ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಹೊಸ ಬಯಾಸ್ ಫೈಲಿಗೆ ಮ್ಯಾನ್ಯುಯಲ್‌ನಲ್ಲಿದ್ದ ಹೆಸರಿಟ್ಟು ಸಿಕ್ಕಿಸಿದೆ. ನಡುವೆ ಕರೆಂಟ್ ಹೋದರೆ ಕೆಲಸ ಕೆಟ್ಟಿತು. ನಮ್ಮ ಮಳೆಗಾಲದ ಕರೆಂಟನ್ನು ನಂಬುವವರು ಯಾರು? ಯುಪಿಎಸ್‌ಗೆ ಹಾಕಿಯೇ ಬಟನ್ ಒತ್ತಿದೆ. ಐದಾರು ನಿಮಿಷ ಕೆಂಪು ದೀಪ ಮಿಣುಕುತ್ತಲೇ ಇತ್ತು. ಅಮ್ಮ ಹಲಸಿನ ಹಪ್ಪಳ ತಂದಿಟ್ಟರು, ಮುಟ್ಟಲಿಲ್ಲ. ದೀಪ ಆರಿತು. ಮತ್ತೆ ಆನ್ ಮಾಡಿದೆ, ಪರದೆ ಬೆಳಗಿತು.

ನೋಡಿದರೆ 3600 ವೇಗದ ರ‍್ಯಾಮ್ 2133ರಲ್ಲಿ ಓಡುತ್ತಿದೆ. ಅದನ್ನು ಪೂರ್ಣ ವೇಗಕ್ಕೆ ಏರಿಸುವ ಬಯಾಸ್ ಸೆಟ್ಟಿಂಗ್ ಎಕ್ಸ್‌ಎಂಪಿ ಆನ್ ಮಾಡಿದೆ, ಅಷ್ಟೇ.

ಓವರ್‌ಕ್ಲಾಕ್‌ಗೆ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ) ಪ್ರೊಸೆಸರ್ ಪೆಟ್ಟಿಗೆಯೊಳಗೆ ಬಂದ ಪುಟ್ಟ ಕೂಲರ್ ಸಾಲದು ಎಂದು ದೊಡ್ಡದು ತಂದಿದ್ದೆ. ಅದರ ಎತ್ತರ 158 ಮಿಲಿಮೀಟರ್, ಕ್ಯಾಬಿನೆಟ್‌ನಲ್ಲಿ ಜಾಗ ಇರುವುದು 155. ಅಳತೆ ನೋಡದ್ದು ನನ್ನದೇ ತಪ್ಪು. ಸದ್ಯ ಪಕ್ಕದ ಬಾಗಿಲು ತೆಗೆದೇ ಇಟ್ಟಿದ್ದೇನೆ, ಹಲ್ಲಿ ನುಗ್ಗದಿದ್ದರೆ ಸಾಕು.